ಬಲ ಬೇಡ

ಜನವರಿ 9

ಲೋ ಪುಕ್ಕಲ,

ಸಿಕ್ಕಿತು ಕಣೋ, ಸಿಕ್ಕಿತು. ಒಲೆ ಆರಿಸಿ ಕೂತುಕೊಂಡು ಓದು, ಇಲ್ಲದಿದ್ದರೆ ನಿನ್ನ ಪಾತ್ರೆ ತಳ ಹಿಡಿದು ಗಣಿಯವರೆಲ್ಲ ಉಪವಾಸ ಬೀಳುತ್ತಾರೆ. ನನ್ನ ಭುಜಕ್ಕೆ ಫಿಸಿಯೋಥೆರಪಿ ಮಾಡುವ ಜಾಗ ಸಿಕ್ಕಿತು, ಅದೂ ನನ್ನಂಥವಳ ಕೈಗೆಟುಕುವ ಜಾಗ. ಈಗ ನನ್ನ ಕೈಗೆ ಏನಾದರೂ ಎಟುಕುತ್ತದೆ ಅಂದರೆ ಅದೇ ಒಂದು ಸುದ್ದಿ.

ಸೀಲಿಂಗಿಗೆ ಬಣ್ಣ ಹೊಡೆಯುವಾಗ ಸಾರವೆಯ ಹಲಗೆ ಜಾರಿದ್ದು, ನಾನು ಬಲಗೈಯಲ್ಲಿ ಕಂಬಿ ಹಿಡಿದು ನೇತಾಡಿದ್ದು ನಿನಗೆ ಗೊತ್ತಿರುವುದೇ. ಬೀಳಲಿಲ್ಲ, ಆದರೆ ಭುಜದೊಳಗೆ ಏನೋ ಹರಿಯಿತು. ಆಮೇಲೆ ನೋವಿಗೆ ಹೆದರಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತೆ. ಗಾಯವೇನೋ ಮಾಯಿತು, ಭುಜ ಬಿಗಿದುಕೊಂಡಿತು. ಈಗ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ತಲೆ ಮೇಲೆ ಕೈ ಹೊತ್ತು ಕೂರೋಣವೆಂದರೂ ಕೈ ಅಷ್ಟು ಮೇಲಕ್ಕೆ ಹೋಗಬೇಕಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆಯಿಂದ ಆಗುವುದಿಲ್ಲ, ಫಿಸಿಯೋಥೆರಪಿಯೇ ಬೇಕು ಅಂದರು. ಅಲ್ಲೇ ಮಾಡಿಸೋಣವೆಂದರೆ ನನ್ನ ಸರದಿ ಬರುವುದು ಜೂನ್‌ನಲ್ಲಂತೆ. ಮುಖ್ಯರಸ್ತೆಯ ಕ್ಲಿನಿಕ್ಕಿಗೆ ಹೋದೆ. ಮೀನಿನ ತೊಟ್ಟಿ, ಮೆತ್ತನೆಯ ಕುರ್ಚಿ, ಎಲ್ಲ ಇತ್ತು. ಒಂದು ಸಲಕ್ಕೆ ಎಷ್ಟು ಅಂತ ಕೇಳಿದೆ. ನಾನು ದುಡಿಯುತ್ತಿದ್ದಾಗಿನ ಒಂದು ದಿನದ ಕೂಲಿಗಿಂತ ಜಾಸ್ತಿ, ಈಗ ಕೂಲಿಯೂ ಇಲ್ಲ. ಮೀನುಗಳನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಬಂದೆ. ಕೆಳಮನೆಯ ದರ್ಜಿಯಮ್ಮನ ಫೋನಿನಲ್ಲಿ ಯಾರೋ ವ್ಯಾಯಾಮ ಹೇಳಿಕೊಡುವುದನ್ನು ನೋಡಿ ನಾನೂ ನೀರಿನ ಬಾಟಲಿ ಹಿಡಿದು ಎತ್ತಲು ಹೋಗಿ ಕಣ್ಣಲ್ಲಿ ನೀರು ಬಂದು, ಅದನ್ನೂ ಬಿಟ್ಟೆ.

ಕೊನೆಗೆ ದಾರಿ ತೋರಿಸಿದ್ದು ಬಸ್ಸಿನ ಕಂಡಕ್ಟರಮ್ಮ. ನಾನು ಎಡಗೈಯಲ್ಲಿ ಚಿಲ್ಲರೆ ಈಸಿಕೊಂಡದ್ದು ನೋಡಿ, ಭುಜವಾ ಅಂತ ಕೇಳಿದಳು. ಅವಳ ಗಂಡನಿಗೂ ಹಾಗೇ ಆಗಿತ್ತಂತೆ. ಬಸ್ ಡಿಪೋ ಹಿಂದೆ ಫಿಸಿಯೋಥೆರಪಿ ಕಾಲೇಜು ಇದೆ, ಅಲ್ಲಿ ಕೊನೇ ವರ್ಷದ ವಿದ್ಯಾರ್ಥಿಗಳು ಮೇಡಂ ಕಣ್ಣೆದುರಿಗೇ ನೋಡುತ್ತಾರೆ, ಒಂದು ಲೋಟ ಚಹಾದ ದುಡ್ಡಿಗೆ ಅಂದಳು. ನನ್ನ ಸ್ಟಾಪಿನಲ್ಲಿ ಇಳಿಯದೆ ಸೀದಾ ಡಿಪೋಗೇ ಹೋದೆ. ಇಪ್ಪತ್ತೇಳಕ್ಕೆ ಬರಲು ಹೇಳಿದ್ದಾರೆ.

ಅವಸರ ಯಾಕೆ ಅಂದರೆ, ಮೇಸ್ತ್ರಿಯವರು ಬಂದಿದ್ದರು. ರೈಲ್ವೆ ಸ್ಟೇಷನ್ನಿನ ವೇಟಿಂಗ್ ಹಾಲಿನ ಕೆಲಸ ಮಾರ್ಚ್ ಒಂದಕ್ಕೆ ಶುರು. ಅವರು ಹೇಳಿದ್ದು ಇಷ್ಟೇ: "ಮೇಲಿನಕ್ಕ, ಅಲ್ಲಿತನಕ ನಿನ್ನ ಜಾಗ ನಿಂದೇ. ಆದ್ರೆ ಅವತ್ತು ರೋಲರ್ ಸೀಲಿಂಗಿಗೆ ತಾಗಬೇಕು. ಗೋಡೆಗೆ ಬಣ್ಣ ಹೊಡೆಯೋಕೆ ಬೇಕಾದಷ್ಟು ಜನ ಇದ್ದಾರೆ." ನನ್ನನ್ನು ಮೇಲಿನಕ್ಕ ಅಂತ ಕರೆಯುವುದೇ ನಾನು ಮೇಲಿನ ಕೆಲಸ ಮಾಡುತ್ತೇನೆ ಅಂತ. ಕೆಳಗಿಳಿದರೆ ನಾನು ಬರೀ ಅಕ್ಕ, ಅದಕ್ಕೆ ಸಂಬಳ ಇಲ್ಲ.

ಇನ್ನು ನೀನು ಚಿಂತೆ ಬಿಡು. ನೋವು ಅಂಥದ್ದೇನೂ ಇಲ್ಲ.

ಅಕ್ಕ


ಜನವರಿ 18

ಅಕ್ಕಾ,

ನಿನ್ನ ಪತ್ರ ಸಾಮಾನಿನ ಲಾರಿಯಲ್ಲಿ ಈರುಳ್ಳಿ ಮೂಟೆಗಳ ಜೊತೆ ಬಂತು. ವಾಸನೆಯೂ ಬಂತು. ಈ ಗುಡ್ಡದ ಮೇಲೆ ಫೋನು ಸಿಗುವಂತಿದ್ದರೆ ನಿನ್ನ ದನಿ ಕೇಳಿಯೇ ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ತಿಳಿದುಬಿಡುತ್ತಿತ್ತು. ಪತ್ರದಲ್ಲಿ ನೀನು ಯಾವಾಗಲೂ ಚೆನ್ನಾಗಿಯೇ ಇರುತ್ತೀಯ.

ಖುಷಿಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ವಿದ್ಯಾರ್ಥಿಗಳು ಅಂದರೆ ಇನ್ನೂ ಕಲಿಯುತ್ತಿರುವವರು ತಾನೇ? ನಾನು ಅಡುಗೆ ಕಲಿಯುವಾಗ ಎಷ್ಟು ಅನ್ನ ಸೀದಿತ್ತು ಅಂತ ನಿನಗೇ ಗೊತ್ತು. ನಿನ್ನ ಭುಜ ಅನ್ನವಲ್ಲ. ಸ್ವಲ್ಪ ನೋಡಿಕೊಂಡು ಹೋಗು.

ನೋವು ಅಂಥದ್ದೇನೂ ಇಲ್ಲ ಅಂತ ಬರೆದಿದ್ದೀಯಲ್ಲ, ಒಂದೇ ಒಂದು ಪ್ರಶ್ನೆ. ನಿನ್ನ ಜಡೆ ಈಗ ಯಾರು ಹೆಣೆಯುತ್ತಾರೆ?

ಆ ಸೀಲಿಂಗ್ ಒಂದೇ ಕೆಲಸವಲ್ಲ, ಅಕ್ಕ. ಕೂತು ಮಾಡುವ ಕೆಲಸಗಳೂ ಇವೆ. ಯೋಚಿಸು.

ತಮ್ಮ


ಜನವರಿ 28

ಲೋ ಪುಕ್ಕಲ,

ನಿನ್ನ ಪತ್ರ ಬಂತು. ಜಡೆಯ ವಿಷಯ ಮೊದಲು ಮುಗಿಸುತ್ತೇನೆ. ಕೂದಲು ಕತ್ತರಿಸಿಬಿಟ್ಟೆ. ಈಗ ಇದೇ ಫ್ಯಾಷನ್ನು, ತಲೆಯೂ ಹಗುರ. ಇನ್ನು ಕೇಳಬೇಡ.

ನಿನ್ನೆ ಹೋಗಿದ್ದೆ. ಎಂಥಾ ಜಾಗ ಅಂತೀಯ. ಒಂದು ಉದ್ದನೆಯ ಹಾಲು, ಹಸಿರು ಪರದೆ, ಸಾಲಾಗಿ ಮಂಚ. ಮಾಡಿನಿಂದ ರಾಟೆ ಇಳಿಬಿಟ್ಟಿದ್ದಾರೆ, ಬಾವಿಯೊಂದೇ ಕಮ್ಮಿ. ಗೋಡೆಗೆ ಪುಟ್ಟ ಪುಟ್ಟ ಮೆಟ್ಟಿಲಿನ ಒಂದು ಮರದ ಏಣಿ ಹೊಡೆದಿದ್ದಾರೆ, ಅದನ್ನು ಬೆರಳುಗಳು ಹತ್ತಬೇಕು. ಜೀವನವಿಡೀ ಏಣಿ ಹತ್ತಿದವಳು ನಾನು, ಆ ಏಣಿಯ ನಡುವಿನಲ್ಲೇ ಬೆವರು ಬಂತು. ಸೀಲಿಂಗಿಗೆ ಯಾರೋ ಹಳೇ ಬಣ್ಣ ಕೆರೆಯದೆ ಮೇಲೆಯೇ ಹೊಡೆದಿದ್ದಾರೆ, ಮಲಗಿದರೆ ಅದೇ ಕಾಣುತ್ತದೆ. ನೋವಿಗಿಂತ ಅದನ್ನು ತಡೆಯುವುದು ಕಷ್ಟವಾಯಿತು.

ನನಗೆ ಸಿಕ್ಕ ವಿದ್ಯಾರ್ಥಿನಿಗೆ ನಾನು ಗಡಿಬಿಡಿ ಅಂತ ಹೆಸರಿಟ್ಟಿದ್ದೇನೆ. ಮಾತು ಮುಗಿಯುವ ಮೊದಲೇ ಕಾಲು ಬೇರೆ ಕಡೆ ಹೊರಟಿರುತ್ತದೆ. ಆದರೆ ಕೈ ಬಲು ಮೆತ್ತಗೆ, ಚೂರೂ ಬೇಸರವಿಲ್ಲ. ಮಲಗಿಸಿ, ಎರಡೂ ಕೈಗೆ ಒಂದು ಕೋಲು ಕೊಟ್ಟು ತಲೆಯ ಕಡೆಗೆ ನಿಧಾನವಾಗಿ ಎತ್ತಿಸಿದಳು. ಜೀವ ಹೋಯಿತು ಅನ್ನುವಷ್ಟರಲ್ಲಿ ನಿಲ್ಲಿಸಿದಳು. ಇದನ್ನೇ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಮಾಡಬೇಕು, ಅದೇ ನಿಜವಾದ ಔಷಧಿ ಅಂದಳು. ಯಾಕೆಂದರೆ ಅಲ್ಲಿ ಜನ ಜಾಸ್ತಿ, ನನಗೆ ಮತ್ತೆ ಸರದಿ ಬರುವುದು ಫೆಬ್ರವರಿ ಹದಿನೇಳಕ್ಕೆ. ಅಗ್ಗದ ಮಾಲಿಗೆ ಸಾಲು ಉದ್ದ ಇದ್ದೇ ಇರುತ್ತದೆ.

ನಾನು ಬಾಗಿಲು ದಾಟುವಾಗ ಅವಳು ಇನ್ನೊಬ್ಬರ ಮಂಚದ ಹತ್ತಿರ ಓಡುತ್ತಾ ಕೂಗಿದಳು: "ಆಂಟಿ, ಬಲ ಬೇಡ, ನಿಧಾನ, ಅಷ್ಟೇ ನೆನಪಿಟ್ಕೊಳ್ಳಿ!" ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದೆ.

ಅಲ್ಲಿ ಅವಳು ಜೊತೆಗಿದ್ದಳು, ಎರಡೂ ಕೈಯಲ್ಲಿ ಮಾಡಿಸಿದಳು. ಮನೆಯಲ್ಲಿ ನಾನು ಒಬ್ಬಳೇ, ಹೆಚ್ಚುಕಮ್ಮಿಯಾದರೆ ಯಾರು ದಿಕ್ಕು? ಅದಕ್ಕೇ ಹಾಗೆ ಹೇಳಿದ್ದಾಳೆ. ಹುಡುಗಿ ಗಡಿಬಿಡಿಯಾದರೂ ಬುದ್ಧಿವಂತೆ. ಇವತ್ತು ಬೆಳಿಗ್ಗೆಯೇ ಶುರು ಮಾಡಿದೆ. ಕೂತು ಮಾಡುವ ಕೆಲಸ ನೀನೇ ಮಾಡು, ನಾನು ಮೇಲಿನವಳು.

ಅಕ್ಕ


ಫೆಬ್ರವರಿ 5

ಲೋ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುತ್ತಿಲ್ಲ. ವ್ಯಾಯಾಮ ಅಂದರೆ ಇಷ್ಟು ಸುಲಭ ಅಂತ ಯಾರಾದರೂ ಹೇಳಬಾರದಿತ್ತೇ? ಕೋಲು ಹಿಡಿದರೆ ಸರಕ್ಕನೆ ಮೇಲೆ ಹೋಗುತ್ತದೆ, ಕಿವಿಗೆ ತಾಗುತ್ತದೆ. ಒಂದು ಚೂರು ನೋವಿಲ್ಲ. ಮೊದಲು ಬರೀ ಕೋಲು ಇತ್ತು, ಈಗ ಅದರ ತುದಿಗೆ ನೀರಿನ ಬಾಟಲಿ ಕಟ್ಟಿಕೊಂಡಿದ್ದೇನೆ. ಮೊನ್ನೆ ದರ್ಜಿಯಮ್ಮನ ಜೊತೆ ಮೇಜಿನ ಮೇಲೆ ಮೊಣಕೈಯೂರಿ ಕೈ ಮಣಿಸುವ ಪಂದ್ಯ ಆಡಿ ಗೆದ್ದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಗೊಣಗುತ್ತಲೇ ಇದ್ದಾಳೆ.

ಬಲಗೈಯನ್ನಂತೂ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೇನೆ. ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲೇ ಎಲ್ಲ ವ್ಯಾಯಾಮ. ಎಡದ್ದು ಕಲಿತರೆ ಬಲದ್ದೂ ನೋಡಿ ಕಲಿಯುತ್ತದೆ, ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುವ ಹಾಗೆ. ನೀನು ನನ್ನನ್ನು ನೋಡಿಯೇ ಅಲ್ಲವೇ ಈಜು ಕಲಿತದ್ದು?

ಮೇಸ್ತ್ರಿಯವರು ದಾರಿಯಲ್ಲಿ ಸಿಕ್ಕು, ಹೇಗಿದೆ ಅಂದರು. ಒಂದನೇ ತಾರೀಖು ಬೆಳಿಗ್ಗೆ ನಿಮಗಿಂತ ಮೊದಲು ಅಲ್ಲಿರುತ್ತೇನೆ ಅಂದೆ. ನಾನಿಲ್ಲದಾಗ ಯಾರೋ ಹೊಸಬಳನ್ನು ಮೇಲೆ ಹತ್ತಿಸಿ ನೋಡಿದರಂತೆ. ಕೆಳಗೆ ನಿಂತವರ ತಲೆ ಮೇಲೆಲ್ಲ ಬಣ್ಣ ಸುರಿಯಿತಂತೆ. ಪಾಪ ಅಂದೆ, ಒಳಗೊಳಗೇ ಕುಣಿದೆ.

ಅಕ್ಕ


ಫೆಬ್ರವರಿ 11

ಅಕ್ಕಾ,

ನಿನ್ನ ಎರಡೂ ಪತ್ರ ಇವತ್ತು ಒಟ್ಟಿಗೇ ಬಂದವು. ಓದಿ ನಕ್ಕೆ, ಆಮೇಲೆ ಎರಡನೆಯದನ್ನು ಮತ್ತೆ ಮೊದಲಿನಿಂದ ಓದಿದೆ. ನೀನು ಯಾವ ಕೈ ಎತ್ತುತ್ತಿದ್ದೀಯ?

ಪೆಟ್ಟಾದದ್ದು ಬಲಗೈಗೆ. ವ್ಯಾಯಾಮ ಬೇಕಾದದ್ದೂ ಅದಕ್ಕೇ. ಆ ಹುಡುಗಿ ಬಲ ಬೇಡ ಅಂದದ್ದು ಬಲಗೈ ಬೇಡ ಅಂತಲ್ಲ, ಶಕ್ತಿ ಹಾಕಬೇಡಿ, ಒತ್ತಾಯ ಮಾಡಬೇಡಿ ಅಂತ. ಇಲ್ಲಿ ನಮ್ಮ ದೊಡ್ಡ ಅಡುಗೆಯವರು ನಾನು ಹಿಟ್ಟು ನಾದುವಾಗ ದಿನಾ ಅದನ್ನೇ ಬಯ್ಯುತ್ತಾರೆ, ಬಲ ಹಾಕಬೇಡವೋ ಅಂತ. ನಾನೇನು ಎಡಗೈಯಲ್ಲಿ ನಾದುತ್ತೇನಾ? ಓದಿದ ತಕ್ಷಣ ಆ ಶಾಲು ಬಿಚ್ಚು, ಕಾಲೇಜಿಗೆ ಓಡು. ಲಾರಿ ಮೇಲೆ ಬಂದ ಮೇಲೆ ಗುಡ್ಡದ ರಸ್ತೆ ಕುಸಿದಿದೆ, ಅದು ಮತ್ತೆ ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ಈ ಕಾಗದ ಇಲ್ಲೇ ಕೂತಿರುವುದನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನೊಂದು ಮಾತು. ಬಯ್ಯಬೇಡ. ಇಲ್ಲಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವರ ಜಾಗ ಖಾಲಿಯಾಗಿದೆ. ಸ್ಟೂಲಿನ ಮೇಲೆ ಕೂತು ಮಾಡುವ ಕೆಲಸ, ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗಬೇಕಾಗಿಲ್ಲ. ಮಾರ್ಚ್ ಒಂದಕ್ಕೆ ಬರುತ್ತಾಳೆ ಅಂತ ನಿನ್ನ ಪರವಾಗಿ ಒಪ್ಪಿಕೊಂಡುಬಿಟ್ಟಿದ್ದೇನೆ.

ತಮ್ಮ


ಫೆಬ್ರವರಿ 18

ತಮ್ಮಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ನನ್ನ ಮಾನ ನಿನ್ನೆಯೇ ಹೋಗಿತ್ತು.

ಹೋದವಳೇ ಜಂಬದಿಂದ ಮಂಚ ಹತ್ತಿ ಕೋಲು ಈಸಿಕೊಂಡು ಎಡಗೈಯಲ್ಲಿ ಎತ್ತಿ ತೋರಿಸಿದೆ. ಗಡಿಬಿಡಿ, ಚೆನ್ನಾಗಿದೆ ಆಂಟಿ, ಈಗ ಬಲಗೈ ಅಂದಳು. ಅದನ್ನು ನೀವೇ ಬೇಡ ಅಂದಿದ್ದಿರಲ್ಲ, ಮೂರು ವಾರದಿಂದ ಮುಟ್ಟೇ ಇಲ್ಲ ಅಂದೆ. ಅವಳು ನನ್ನ ಎರಡೂ ಕೈಗಳನ್ನು ಒಂದಾದ ಮೇಲೊಂದು ನೋಡಿದಳು. ಪಕ್ಕದ ಮಂಚದ ಮಂಡಿ ನೋವಿನ ಮುದುಕರಿಗೆ ಮೊದಲು ಅರ್ಥವಾಗಿ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ?

ಆಮೇಲೆ ಮೇಡಂ ಬಂದು ಬಲಗೈ ಎತ್ತಿ ಅಳತೆ ನೋಡಿದರು. ನಗು ನಿಂತಿತು. ಜನವರಿಯಲ್ಲಿ ಎದೆಯ ಮಟ್ಟಕ್ಕೆ ಬರುತ್ತಿದ್ದ ಕೈ ಈಗ ಅಷ್ಟಕ್ಕೂ ಬರಲಿಲ್ಲ. ಗಡಿಬಿಡಿ ಪರದೆಯ ಹಿಂದೆ ಹೋಗಿ ಅತ್ತಳು. ನನಗೆ ಅವಳನ್ನು ಬಯ್ಯಬೇಕು ಅನ್ನಿಸಲಿಲ್ಲ, ಅಳಬೇಕು ಅನ್ನಿಸಿತು, ಆದರೆ ಒಬ್ಬರು ಅಳುವಾಗ ಇನ್ನೊಬ್ಬರು ಸುಮ್ಮನಿರಬೇಕಲ್ಲ. ನನ್ನ ತಾರೀಖು ಹೇಳಿದೆ. ಮಾರ್ಚ್ ಒಂದು, ಸೀಲಿಂಗು, ಇಲ್ಲದಿದ್ದರೆ ಕೆಲಸವಿಲ್ಲ ಅಂತ.

ಈಗ ಕೇಳು, ಇದನ್ನು ಹೇಳಲಿಕ್ಕೇ ಬರೆಯುತ್ತಿರುವುದು. ಮೇಡಂ, ದಿನಾ ಬೆಳಿಗ್ಗೆ ಅವರ ಪಾಠದ ಹೊತ್ತಿಗೆ ಬನ್ನಿ ಅಂದರು. ಇಡೀ ತರಗತಿಯ ಮುಂದೆ ನನ್ನ ಭುಜ ಇಟ್ಟುಕೊಂಡು ಪಾಠ ಮಾಡುತ್ತಾರಂತೆ, ರೋಗಿಗೆ ಮನೆಗೆ ಏನು ಹೇಳಿ ಕಳಿಸಬೇಕು, ಹೇಗೆ ಹೇಳಬೇಕು ಅಂತ. ಸಾಲಿನಲ್ಲಿ ಕಾಯುವಂತಿಲ್ಲ, ಚಹಾದ ದುಡ್ಡೂ ಇಲ್ಲ. ದಿನಾ ಕಣೋ! ಮೀನಿನ ತೊಟ್ಟಿಯವರ ಹತ್ತಿರ ಹೋಗಿದ್ದರೂ ದಿನಾ ಆಗುತ್ತಿರಲಿಲ್ಲ. ಇಷ್ಟು ದೊಡ್ಡ ದಡ್ಡತನಕ್ಕೆ ಇಷ್ಟು ಒಳ್ಳೆಯ ಬಹುಮಾನ ಯಾರಿಗೆ ಸಿಕ್ಕಿದೆ? ಅಲ್ಲಿ ಬಲ ಅನ್ನುವ ಮಾತನ್ನೇ ಮೇಡಂ ನಿಷೇಧ ಮಾಡಿಬಿಟ್ಟಿದ್ದಾರೆ. ಇನ್ನು ಮೇಲೆ ಜೋರು ಬೇಡ ಅನ್ನಬೇಕಂತೆ.

ಇವತ್ತು ಮೊದಲ ದಿನ ಮುಗಿಸಿ ಬಂದೆ. ನೋವು ಇದೆ. ಇದುವರೆಗೆ ಇಲ್ಲ ಅಂತ ಬರೆದದ್ದೆಲ್ಲ ಸುಳ್ಳು, ಈಗ ಹೇಳುತ್ತಿದ್ದೇನೆ. ಜಡೆ ಹೆಣೆಯಲು ಆಗದೆ ಕೂದಲು ಕತ್ತರಿಸಿದ್ದು. ಕತ್ತರಿಸಿದ ದಿನ ಅತ್ತಿದ್ದೆ. ಆದರೆ ಈ ನೋವು ಬೇರೆ, ಈ ನೋವಿನಲ್ಲಿ ಕೈ ಅಲ್ಲಾಡುತ್ತದೆ.

ಇನ್ನು ನಿನ್ನ ಸ್ಟೂಲಿನ ವಿಷಯ. ನನ್ನ ಪರವಾಗಿ ಒಪ್ಪಿಕೊಳ್ಳಲು ನಿನಗೆ ಯಾರು ಹೇಳಿದರು? ನಾನು ಸತ್ತಿಲ್ಲ, ಭುಜ ಬಿಗಿದಿದೆ ಅಷ್ಟೇ. ಹೋಗಿ ಇಲ್ಲ ಅಂತ ಹೇಳು.

ಅಕ್ಕ


ಫೆಬ್ರವರಿ 23

ಅಕ್ಕಾ,

ರಸ್ತೆ ಸರಿಯಾಗಿದೆ, ಲಾರಿ ಈಗ ಬೇಗ ಬರುತ್ತಿದೆ. ದಿನಾ ಚಿಕಿತ್ಸೆ ಅಂತ ಓದಿ ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ದೊಡ್ಡ ಅಡುಗೆಯವರು ನಿನ್ನ ಕಥೆಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆದರೆ ಸ್ಟೂಲಿಗೆ ಇಲ್ಲ ಅಂತ ಇನ್ನೂ ಹೇಳಿಲ್ಲ. ನಿಜ ಹೇಳುತ್ತೇನೆ, ಕೋಪ ಬಂದರೂ ಪೂರ್ತಿ ಓದು. ನಿನ್ನ ಕೈ ಬರುವುದಿಲ್ಲ ಅಂತ ನಾನು ಒಪ್ಪಿಕೊಂಡದ್ದಲ್ಲ. ಬಂದರೆ ನೀನು ಮತ್ತೆ ಆ ಹಲಗೆ ಹತ್ತುತ್ತೀಯ ಅಂತ ಒಪ್ಪಿಕೊಂಡೆ. ಅವತ್ತು ಮೇಸ್ತ್ರಿಯವರು ಸುದ್ದಿ ಕಳಿಸಿದಾಗ ಚೀಟಿಯಲ್ಲಿ ಮೊದಲ ಸಾಲು, ನಿಮ್ಮಕ್ಕ ಮೇಲಿನಿಂದ, ಅಂತ ಇತ್ತು. ಮುಂದಿನದನ್ನು ಓದಲು ನನಗೆ ಧೈರ್ಯ ಬರಲಿಲ್ಲ, ಇನ್ನೊಬ್ಬರ ಕೈಯಲ್ಲಿ ಓದಿಸಿದೆ. ಅಮ್ಮ ಹೋದ ಮೇಲೆ ನನಗೆ ಇರುವುದು ನೀನೊಬ್ಬಳು. ಆ ಕೈ ಮೇಲೆ ಹೋಗದಿದ್ದರೇ ವಾಸಿ ಅಂತ ಒಂದು ಸಲ ಅಂದುಕೊಂಡಿದ್ದೂ ಉಂಟು. ನೀನು ಸಂಭ್ರಮದಿಂದ ಬರೆಯುತ್ತಿದ್ದಾಗ ನಾನು ಇಲ್ಲಿ ಹಾಗೆ ಅಂದುಕೊಳ್ಳುತ್ತಿದ್ದೆ.

ಪುಕ್ಕಲ ಅಂತ ನೀನು ಕರೆಯುವುದು ಸರಿಯೇ. ಇಷ್ಟರ ಮೇಲೆ ನಿನ್ನಿಷ್ಟ. ಸ್ಟೂಲು ಮಾರ್ಚ್ ಎರಡರವರೆಗೆ ಖಾಲಿ ಇರುತ್ತದೆ.

ತಮ್ಮ


ಮಾರ್ಚ್ 1, ಸಂಜೆ

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಉರಿದುಬಿದ್ದೆ. ದರ್ಜಿಯಮ್ಮನ ಹತ್ತಿರ ನಿನ್ನನ್ನು ಬಾಯಿಗೆ ಬಂದ ಹಾಗೆ ಬಯ್ದೆ. ನನ್ನ ಕೈ ಬರಬಾರದು ಅಂತ ನನ್ನ ಸ್ವಂತ ತಮ್ಮ ಅಂದುಕೊಂಡನಲ್ಲ ಅಂತ. ಆ ಸಿಟ್ಟಿನಲ್ಲೇ ಕಾಲೇಜಿನ ಏಣಿಯಲ್ಲಿ ಬೆರಳು ಇನ್ನೆರಡು ಮೆಟ್ಟಿಲು ಮೇಲೆ ಹತ್ತಿತು. ಗಡಿಬಿಡಿ, ಇವತ್ತು ಏನಾಯ್ತು ಆಂಟಿ ಅಂತ ಕೇಳಿದಳು.

ಆದರೂ ಪೂರ್ತಿ ಬಂದಿಲ್ಲ. ಮೊನ್ನೆ ಮೇಡಂ ನೇರವಾಗಿ ಹೇಳಿದರು, ಕೈ ಹಣೆಯ ಮಟ್ಟ ದಾಟಿ ಸ್ವಲ್ಪ ಮೇಲೆ ಹೋಗುತ್ತದೆ, ಅಲ್ಲಿಂದ ಮುಂದಕ್ಕೆ ಇನ್ನೂ ಕೆಲವು ತಿಂಗಳು ಬೇಕು, ಆತುರಪಟ್ಟರೆ ಮತ್ತೆ ಹರಿದುಕೊಳ್ಳುತ್ತೀರಿ ಅಂತ. ರೋಲರ್ ಹಿಡಿಯಬಹುದು, ಆದರೆ ಒಂದೇ ಸಮನೆ ಬೇಡ, ಅರ್ಧ ದಿನ ಸಾಕು ಅಂದರು.

ಹಣೆಗಿಂತ ಸ್ವಲ್ಪ ಮೇಲೆ ಇದ್ದರೆ ಸೀಲಿಂಗಿಗೆ ಸಾಲದು. ಆದರೂ ಬೆಳಿಗ್ಗೆ ವೇಟಿಂಗ್ ಹಾಲಿಗೆ ಹೋದೆ. ಬೆಂಚುಗಳನ್ನೆಲ್ಲ ಒಂದು ಮೂಲೆಗೆ ಒಟ್ಟಿ, ಸಾರವೆ ಕಟ್ಟಿ ಆಗಿತ್ತು. ಎಲ್ಲರೂ ನನ್ನ ಭುಜವನ್ನೇ ನೋಡುತ್ತಿದ್ದರು, ಮದುವೆ ಹೆಣ್ಣನ್ನು ನೋಡುವ ಹಾಗೆ. ಕೆಳಗೆ ನಿಂತೇ ಮೇಲಕ್ಕೆ ನೋಡಿದೆ. ಹಲಗೆ ಎಂದಿನ ಎತ್ತರಕ್ಕೇ ಇತ್ತು, ಕೈ ಪೂರ್ತಿ ಚಾಚುವವರಿಗೆ ಸರಿಹೋಗುವ ಎತ್ತರ. ನನ್ನ ಕೈಗೆ ಅಷ್ಟು ದೂರ ಹೋಗಲಾಗದಿದ್ದರೆ ನಾನೇ ಸ್ವಲ್ಪ ಹತ್ತಿರ ಹೋದರಾಯಿತು. ಹಲಗೆ ಒಂದು ಕಂಬಿ ಮೇಲಕ್ಕೆ ಹಾಕಿಸಿ ಅಂತ ಮೇಸ್ತ್ರಿಯವರನ್ನು ಕೇಳಿದೆ. ಅಷ್ಟು ಮೇಲೆ ಹಾಕಿದರೆ ತಲೆ ಹೊಡೆಯುತ್ತದೆ ಅಂದರು. ನಿಮ್ಮ ತಲೆ ಹೊಡೆಯುತ್ತದೆ, ನಾನು ಕುಳ್ಳಿ, ನನಗೇನೂ ಆಗುವುದಿಲ್ಲ ಅಂದೆ. ಅರ್ಧ ದಿನ ಮೇಲೆ, ಉಳಿದರ್ಧ ಕೆಳಗೆ ಗೋಡೆಯ ಬಿರುಕಿಗೆ ಪುಟ್ಟಿ ಹಚ್ಚುತ್ತೇನೆ ಅಂತಲೂ ಹೇಳಿದೆ. ಅವರು ತಲೆ ಕೆರೆದುಕೊಂಡರು, ಆಮೇಲೆ ಕಟ್ಟುವವರನ್ನು ಕರೆದರು.

ಹತ್ತಿದೆ. ಹತ್ತುವವರೆಗೆ ಕೈಯದೇ ಯೋಚನೆ. ಮೇಲೆ ನಿಂತಾಗ ನಡುಗಿದ್ದು ಕೈಯಲ್ಲ ಕಣೋ, ಕಾಲು. ಎರಡೂ ಮಂಡಿ ತಟತಟ ಅನ್ನುತ್ತಿದ್ದವು. ನನಗೆ ಇಷ್ಟು ದಿನ ಹೆದರಿಕೆಯೇ ಇರಲಿಲ್ಲ ಅಂತ ಅಂದುಕೊಂಡಿದ್ದೆ. ನಿನ್ನ ಕಾಗದದ ಸಿಟ್ಟು ಅಲ್ಲಿ ಇಳಿಯಿತು. ನೀನು ಗುಡ್ಡದ ಮೇಲೆ ಕೂತು ನನ್ನ ಪಾಲಿನ ಹೆದರಿಕೆಯನ್ನೂ ನೀನೇ ಪಟ್ಟಿದ್ದೀಯ ಅನ್ನಿಸಿತು. ಕೆಳಗೆ ಕೂಗಿ, ಸೊಂಟಕ್ಕೆ ಕಟ್ಟುವ ಬೆಲ್ಟು ಕೊಡಿ ಅಂದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಕೇಳಿದವಳಲ್ಲ, ಮೇಸ್ತ್ರಿಯವರು ಮೂಲೆಯ ಚೀಲದಿಂದ ಹುಡುಕಿ ತರಬೇಕಾಯಿತು. ಕಟ್ಟಿಕೊಂಡು, ಕೊಕ್ಕೆ ಕಂಬಿಗೆ ಸಿಕ್ಕಿಸಿ, ಎರಡು ಸಲ ಎಳೆದು ನೋಡಿದೆ. ಮಂಡಿ ನಿಂತಿತು.

ಆಮೇಲೆ ರೋಲರ್ ಅದ್ದಿ ಬಲಗೈ ಎತ್ತಿದೆ. ಹಣೆ ದಾಟಿತು. ಭುಜ ಚುಳುಕ್ ಅಂತು. ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದೆ. ತಾಗಿತು. ತಾಗಿದ ಸದ್ದು ನನಗಷ್ಟೇ ಕೇಳುವಂಥದ್ದು, ಒದ್ದೆ ರೋಲರ್ ಸುಣ್ಣಕ್ಕೆ ಅಂಟುವ ಸದ್ದು. ಎಳೆದೆ, ಬಿಳಿಯ ಪಟ್ಟೆ ಮೂಡಿತು. ಕಣ್ಣಲ್ಲಿ ನೀರು ಸುರಿಯಿತು. ಕೆಳಗಿನವರು ಬಣ್ಣ ಕಣ್ಣಿಗೆ ಬಿತ್ತಾ ಅಂತ ಕೇಳಿದರು, ಹೂಂ ಅಂದೆ. ಮೇಸ್ತ್ರಿಯವರಿಗೆ ಗೊತ್ತಾಯಿತು. ಅವರು ಹಲಗೆಯ ಕೆಳಗಿದ್ದ ಹೊಸಬಳಿಗೆ, ಮೇಲಿನಕ್ಕನಿಗೆ ಇನ್ನೊಂದು ಬಕೆಟ್ ಕಲಸು ಅಂದರು.

ಮಧ್ಯಾಹ್ನದವರೆಗೆ ಮೇಲಿದ್ದೆ. ಕಿಟಕಿಯ ಕಡೆಯ ಅರ್ಧ ಸೀಲಿಂಗ್ ಮುಗಿಯಿತು. ಈಗ ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೈಯೆಲ್ಲ ಬಣ್ಣ, ಸೋಪಿಗೂ ಹೋಗಿಲ್ಲ. ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಬನ್ನಿ ಅಂತ ಮೇಡಂ ಹೇಳಿದ್ದಾರೆ, ಹೋಗುತ್ತೇನೆ. ದೊಡ್ಡ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸು, ಆ ಸ್ಟೂಲಿಗೆ ಬೇರೆಯವರನ್ನು ನೋಡಿಕೊಳ್ಳಲಿ. ನೀನು ಹೆದರುವುದನ್ನು ಬಿಡಬೇಡ. ನಾನು ಬೆಲ್ಟು ಕಟ್ಟುವುದನ್ನು ಬಿಡುವುದಿಲ್ಲ.

ಇನ್ನೂ ಬರೆಯಬೇಕು ಅನ್ನಿಸುತ್ತಿದೆ, ಆದರೆ ಬೇಗ ಮಲಗಬೇಕು. ನಾಳೆ ಬಾಗಿಲ ಕಡೆಯ ಅರ್ಧ ಇದೆ.

ಅಕ್ಕ